ಹನ್ನೆರಡು ಕುರಿಗಳ ಪಂಕ್ತಿ

ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ಹನ್ನೆರಡು ಕುರಿಗಳಲ್ಲೂ ಎಲ್‌ಎಚ್ ಏರಿತ್ತು.

ಏರಬೇಕಾಗಿದ್ದದ್ದು ಆರರಲ್ಲಿ ಮಾತ್ರ.

ಅದು 1985ರ ಫೆಬ್ರುವರಿ. ಬಳ್ಳಾರಿಯ ಆ ಕಾಲೇಜಿನಲ್ಲಿ ಶರೀರಕ್ರಿಯಾ ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಫೋನು, ಅದೂ ಮುಖ್ಯಸ್ಥರ ಮೇಜಿನ ಮೇಲೆ. ಅಧ್ಯಾಪಕಿ ಜುಬೇದಾ ನಿಂತುಕೊಂಡೇ ಮಾತಾಡಿದಳು. ಪ್ರಯೋಗಾಲಯದವರು ಹೇಳಿದ ಒಂದೊಂದು ಅಂಕಿಯನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಳು. ರಿಸೀವರ್ ಇಟ್ಟ ಮೇಲೂ ಅವಳ ಕೈ ಅದರ ಮೇಲೆಯೇ ಇತ್ತು.

"ಏನಂತ?" ಎಂದರು ಡಾ. ವಿರೂಪಾಕ್ಷಪ್ಪ. ವಿಭಾಗದ ಮುಖ್ಯಸ್ಥರು ಅವರೇ, ಜುಬೇದಾಳ ಪಿಎಚ್.ಡಿ.ಗೆ ಮಾರ್ಗದರ್ಶಕರೂ ಅವರೇ.

"ಎಲ್ಲಾ ಏರ್ಯಾವ ಸರ್."

"ಮಾತ್ರಿ ಕೊಡದ ಇದ್ದವು?"

"ಅವೂ ಏರ್ಯಾವ."

ವಿರೂಪಾಕ್ಷಪ್ಪ ಕನ್ನಡಕ ತೆಗೆದು ಕರವಸ್ತ್ರದಿಂದ ನಿಧಾನವಾಗಿ ಒರೆಸಿದರು. "ಹಂಗಾರ ನಿನ್ನ ಸಿದ್ಧಾಂತ ಸತ್ತಂಗ ಆತಲ್ಲಮ್ಮ."

ಸಿದ್ಧಾಂತ ಇಷ್ಟೇ. ಮಿದುಳಿನ ಬುಡದಲ್ಲಿ ತೂಗುವ, ಕಾಳಿನಷ್ಟು ಚಿಕ್ಕ ಗ್ರಂಥಿಯೊಂದರಿಂದ ಎಲ್‌ಎಚ್ ಎಂಬ ಹಾರ್ಮೋನು ಅಲೆ ಅಲೆಯಾಗಿ ರಕ್ತಕ್ಕೆ ಸೇರುತ್ತದೆ. ಅಂಡಾಶಯದಿಂದ ಅಂಡ ಬಿಡುಗಡೆಯಾಗಲು ಅದು ಬೇಕು. ಹೆಣ್ಣಿನ ದೇಹದಲ್ಲಿ ಅದು ಹೊತ್ತಿಲ್ಲದ ಹೊತ್ತಿನಲ್ಲಿ ಸುರಿಯದಂತೆ ತಡೆಯುವುದು ಅಂಡಾಶಯವೇ ತಯಾರಿಸುವ ಪ್ರೊಜೆಸ್ಟಿರಾನ್ ಎಂಬ ಸ್ಟಿರಾಯ್ಡ್ ಹಾರ್ಮೋನು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದು ಹೇಗೆ ತಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಅದಕ್ಕೆ ಹತ್ತು ವರ್ಷದ ಹಿಂದಷ್ಟೇ, ಮಿದುಳು ಅಫೀಮಿನಂಥ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ಪತ್ತೆಯಾಗಿತ್ತು. ಸ್ಟಿರಾಯ್ಡ್ ನೇರವಾಗಿ ಎಲ್‌ಎಚ್ ಅನ್ನು ಹಿಡಿಯುವುದಿಲ್ಲ, ಅದು ಮಿದುಳಿನ ಈ ಅಫೀಮನ್ನು ಎಬ್ಬಿಸುತ್ತದೆ, ತಡೆ ಹಾಕುವುದು ಆ ಅಫೀಮು. ಇದು ಜುಬೇದಾಳ ವಾದ. ಹೊರದೇಶದ ಕೆಲವರೂ ಇದೇ ದಾರಿ ಹಿಡಿದಿದ್ದರು.

ಪರೀಕ್ಷಿಸುವ ದಾರಿ ಸರಳವಾಗಿತ್ತು. ನಾಲೊಕ್ಸೋನ್ ಎಂಬ ಔಷಧ ಅಫೀಮಿನ ಪರಿಣಾಮವನ್ನು ಅಳಿಸುತ್ತದೆ. ಹನ್ನೆರಡು ಹೆಣ್ಣು ಕುರಿಗಳ ಅಂಡಾಶಯ ತೆಗೆಸಿದಳು. ಆರಕ್ಕೆ ಪ್ರೊಜೆಸ್ಟಿರಾನಿನ ಕೆಲಸ ಮಾಡುವ ಮಾತ್ರೆ ತಿನ್ನಿಸಿದಳು. ಆಮೇಲೆ ಹನ್ನೆರಡಕ್ಕೂ ನಾಲೊಕ್ಸೋನ್ ಚುಚ್ಚಿದಳು. ಮಾತ್ರೆ ತಿಂದವುಗಳಲ್ಲಿ ತಡೆ ಕಿತ್ತುಹೋಗಿ ಎಲ್‌ಎಚ್ ಏರಬೇಕು. ತಿನ್ನದವುಗಳಲ್ಲಿ ತಡೆಯೇ ಇಲ್ಲ, ಆದ್ದರಿಂದ ಏನೂ ಆಗಬಾರದು.

ಆದರೆ ಆಗಿತ್ತು.

"ನೋಡಮ್ಮ," ಎಂದರು ವಿರೂಪಾಕ್ಷಪ್ಪ. "ಏಪ್ರಿಲ್ ಕೊನೀಗೆ ಸಮಿತಿ ಕೂಡತೈತಿ. ತೋರಿಸಾಕ ಏನೂ ಇಲ್ಲಂದ್ರ ನಿನ್ನ ರಿಜಿಸ್ಟ್ರೇಶನ್ ರದ್ದು. ಇನ್ನೊಂದು ಸರ್ತಿ ಚುಚ್ಚಾಕ ಆಗೂವಷ್ಟ ನಾಲೊಕ್ಸೋನ್ ಐತಿ, ಹೊರಗಿಂದ ಮತ್ತ ತರಸಾಕ ವರ್ಷ ಬೇಕು. ಮಾತ್ರಿ ತಿಂದ ಆರು ಚಲೋ ಏರ್ಯಾವಲ್ಲ? ಅಷ್ಟ ಬರಿ. ಉಳದ ಆರನ್ನ ತ್ವಾಳ ಹೊತಗೊಂಡು ಹೋತು ಅನ್ನು. ಕುರುಗೋಡು ಗುಡ್ಡದಾಗ ತ್ವಾಳಕ್ಕೇನು ಬರಾನ?"

"ತ್ವಾಳಕ್ಕ ಹೆಂಗ್ ಗೊತ್ತಾತು ಸರ್, ಯಾವ ಆರು ತಿನಬೇಕಂತ?"

ಅವರು ನಕ್ಕರು. ಅವಳು ನಗಲಿಲ್ಲ. ಉಳಿದ ಆರನ್ನು ಬಿಟ್ಟರೆ ಮೊದಲ ಆರಕ್ಕೆ ಅರ್ಥವೇ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಜುಬೇದಾ ಅಂಕಿಗಳನ್ನು ಕಂಟೋನ್ಮೆಂಟಿನ ಮನೆಗೆ ಒಯ್ದಳು. ತಂದೆ ನಬೀಸಾಬ್ ಮುಂಗಡೆಯ ಕೋಣೆಯಲ್ಲೇ ಟೇಲರ್ ಅಂಗಡಿ ಇಟ್ಟಿದ್ದರು. ಮಿಶಿನ್ನಿನ ಸದ್ದಿನ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಮತ್ತೆ ಮತ್ತೆ ನೋಡಿದಳು. ಮೊದಲ ಸಲ ಅವಳು ಏರಿಕೆಯನ್ನು ಮಾತ್ರ ನೋಡಿದ್ದಳು. ಈಗ, ಚುಚ್ಚುವ ಮೊದಲು ಎಷ್ಟಿತ್ತು ಎಂದು ನೋಡಿದಳು. ಅಂಡಾಶಯ ತೆಗೆದ ಕುರಿಯಲ್ಲಿ ತಡೆ ಇರುವುದಿಲ್ಲ, ಎಲ್‌ಎಚ್ ಮೊದಲಿನಿಂದಲೇ ಹೆಚ್ಚಿರಬೇಕು. ಇಲ್ಲಿ ಹನ್ನೆರಡರಲ್ಲೂ ಕಡಿಮೆ ಇತ್ತು.

ಅಂದರೆ ಮಾತ್ರೆ ತಿನ್ನದ ಆರರಲ್ಲೂ ಏನೋ ಒಂದು ತಡೆ ಹಾಕಿತ್ತು. ಸಿದ್ಧಾಂತ ಸತ್ತಿರಲಿಲ್ಲ. ಆ ಕುರಿಗಳೊಳಗೆ ಎಲ್ಲಿಂದಲೋ ಸ್ಟಿರಾಯ್ಡ್ ಬರುತ್ತಿತ್ತು.

ಮೊದಲ ಸಂಶಯ ಶಸ್ತ್ರಚಿಕಿತ್ಸೆಯ ಮೇಲೆ. ಅಂಡಾಶಯದ ಚೂರೊಂದು ಒಳಗೆ ಉಳಿದರೂ ಸಾಕು. ಶಸ್ತ್ರಚಿಕಿತ್ಸೆ ಮಾಡಿದ್ದವರು ಸಿರುಗುಪ್ಪದ ಪಶುವೈದ್ಯ ಡಾ. ಉಜ್ಜಿನಪ್ಪ. ಮರುದಿನವೇ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು.

ಉಜ್ಜಿನಪ್ಪ ಆಸ್ಪತ್ರೆಯ ಅಂಗಳದಲ್ಲಿ ಎಮ್ಮೆಯೊಂದರ ಬಾಯಿಗೆ ಕೈ ಹಾಕಿ ನಿಂತಿದ್ದರು. ಅವಳ ಮಾತು ಪೂರ್ತಿ ಕೇಳಿಸಿಕೊಂಡು, ಕೈ ಹೊರಗೆ ತೆಗೆದು, ಎಮ್ಮೆಯ ಯಜಮಾನನ ಕಡೆ ತಿರುಗಿದರು.

"ಕೇಳಿದೇನಪ? ಉಜ್ಜಿನಪ್ಪ ಹೊಟ್ಟಿ ಕೊಯ್ದು ಅರ್ಧ ಒಳಗ ಬಿಟ್ಟು ಹೊಲದಾನಂತ. ಬಳ್ಳಾರ್ಯಾಗ ಮಾತಾಡಾಕ ಹತ್ಯಾರ."

"ಹಂಗ ಯಾರೂ ಅಂದಿಲ್ರಿ," ಎಂದಳು ಜುಬೇದಾ.

"ಅಂದಿಲ್ಲ, ಬಸ್ಸಿಗೆ ಕುಂತು ಕೇಳಾಕ ಬಂದೀರಿ. ಬರ್ರಿ ಒಳಗ."

ಕೊಯ್ದು ತೆಗೆದದ್ದನ್ನು ಕೆಡದಂತೆ ಫಾರ್ಮಲಿನ್ನಿನಲ್ಲಿ ಇಟ್ಟಿದ್ದ ಬಾಟಲಿಯನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಇಟ್ಟರು. ಚಿಮುಟ ಕೊಟ್ಟರು. ಜುಬೇದಾ ಒಂದೊಂದನ್ನೇ ಎತ್ತಿ ಟ್ರೇಯಲ್ಲಿ ಸಾಲಾಗಿ ಇಟ್ಟಳು. ಕುರಿಗೆ ಎರಡರಂತೆ ಇಪ್ಪತ್ತನಾಲ್ಕು ಅಂಡಾಶಯ. ಎಲ್ಲವೂ ಇಡಿಯಾಗಿದ್ದವು, ಒಂದರ ಅಂಚೂ ಹರಿದಿರಲಿಲ್ಲ.

"ತಪ್ಪಾತ್ರಿ," ಎಂದಳು.

"ತಪ್ಪೇನ್ ಬಂತು. ನೀವು ಕೇಳಿದ್ದ ಬರೋಬರಿ ಐತಿ. ಕೇಳದ ಇರೋರ ಕೂಡ ಕೆಲಸ ಮಾಡೂದು ಕಷ್ಟ." ಉಜ್ಜಿನಪ್ಪ ಬಾಟಲಿಯ ಬಿರಡೆ ಬಿಗಿ ಮಾಡಿದರು. "ಆದ್ರ ಚಹಾ ನಿಮ್ಮ ಖರ್ಚಿಂದು."

ಅಲ್ಲಿಂದ ಬಂದ ಮೇಲೆ ಜುಬೇದಾ ಬೆಂಗಳೂರಿನಲ್ಲಿ ಉಳಿದಿದ್ದ ರಕ್ತದ ಮಾದರಿಗಳಲ್ಲಿ ಪ್ರೊಜೆಸ್ಟಿರಾನ್ ಇದೆಯೇ ನೋಡಿ ಎಂದು ಕೇಳಿಕೊಂಡಳು. ವಾರದ ಮೇಲೆ ಉತ್ತರ ಬಂತು. ಇಲ್ಲ. ಹನ್ನೆರಡರಲ್ಲಿ ಒಂದರಲ್ಲೂ ಇಲ್ಲ.

"ಮುಗೀತಲ್ಲ," ಎಂದರು ವಿರೂಪಾಕ್ಷಪ್ಪ. "ಸ್ಟಿರಾಯ್ಡ್ ಇಲ್ಲ, ಆದ್ರೂ ಏರೈತಿ."

ಜುಬೇದಾ ತಲೆಯಾಡಿಸಲು ಹೋದವಳು ನಿಂತಳು. "ಸರ್, ಮಾತ್ರಿ ತಿಂದ ಆರರಾಗೂ ಇಲ್ಲ ಅಂದಾರ."

"ಹೌದು. ಮಾತ್ರಿ ಅಂದ್ರ ಕಾರ್ಖಾನಿ ಮಾಲು. ಕೆಲಸ ಅದ, ಅಣು ಬ್ಯಾರೆ. ಆ ಪರೀಕ್ಷಾ ಅದನ್ನ ಹಿಡಿಯಂಗಿಲ್ಲ."

"ಹಂಗಾರ ಉಳದ ಆರು ಮಾತ್ರಿ ತಿಂದಿದ್ರೂ ಹಿಡಿಯಂಗಿಲ್ಲ."

ಕುರಿಗಳು ಇದ್ದದ್ದು ಬಳ್ಳಾರಿಯಲ್ಲಲ್ಲ. ಕುರುಗೋಡಿನ ಗುಡ್ಡದ ಬುಡದಲ್ಲಿ ಕಾಲೇಜಿಗೆ ಸಿಕ್ಕಿದ್ದ ಹಳೆಯ ದೊಡ್ಡಿಯಲ್ಲಿ. ಅವುಗಳಿಗೆ ಮೇವು, ನೀರು, ಮಾತ್ರೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಗುರುಬಸಮ್ಮ. ಜುಬೇದಾ ವಾರಕ್ಕೆ ಎರಡು ಸಲ ಹೋಗುತ್ತಿದ್ದಳು. ಮೊದಲ ಬಸ್ಸಿಗೆ ಹೋದರೂ ಅವಳು ತಲುಪುವಷ್ಟರಲ್ಲಿ ಬೆಳಗಿನ ಮೇವು ಮುಗಿದಿರುತ್ತಿತ್ತು. ಕುರಿಗಳು ಮಾತ್ರೆ ತಿನ್ನುವುದನ್ನು ಅವಳು ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ.

ಆ ಸಂಜೆಯ ಬಸ್ಸಿಗೇ ಹೊರಟಳು. ಕೊಳಗಲ್ಲಿನಲ್ಲಿ ಮೆಣಸಿನಕಾಯಿ ಚೀಲ ಏರಿಸಿ, ಬಸ್ಸಿನವರೆಲ್ಲ ಕುರುಗೋಡಿನವರೆಗೆ ಸೀನುತ್ತ ಹೋದರು.

ಗುರುಬಸಮ್ಮನಿಗೆ ಐವತ್ತು ದಾಟಿತ್ತು. ತವರು ಸಿರುಗುಪ್ಪ, ಕೊಟ್ಟದ್ದು ಕುರುಗೋಡಿಗೆ. ಊರಿನ ಮಠದಲ್ಲಿ ದಾಸೋಹಕ್ಕೆ ಬಡಿಸುವುದರಲ್ಲಿ ಅವಳ ಅರ್ಧ ಆಯುಷ್ಯ ಕಳೆದಿತ್ತು. ಕೈಯ ಚುರುಕು, ಪ್ರಾಣಿಗಳ ಮೇಲಿನ ಅಕ್ಕರೆ ನೋಡಿಯೇ ಜುಬೇದಾ ಅವಳನ್ನು ಇಟ್ಟುಕೊಂಡಿದ್ದಳು. ಹೊತ್ತಲ್ಲದ ಹೊತ್ತಿಗೆ ಬಂದವಳನ್ನು ಕಂಡು ಗುರುಬಸಮ್ಮ ಎರಡು ಸಜ್ಜೆರೊಟ್ಟಿ ಹೆಚ್ಚಿಗೆ ಬಡಿದಳು.

ಬೆಳಕು ಹರಿಯುವಾಗ ಜುಬೇದಾ ದೊಡ್ಡಿಯ ಕಟ್ಟೆಯ ಮೇಲೆ ಕುಳಿತಳು. ಹನ್ನೆರಡು ಕುರಿಗಳು ಉದ್ದನೆಯ ಗೋದಲಿಯ ಮುಂದೆ ಸಾಲಾಗಿ ನಿಂತಿದ್ದವು. ಆರರ ಕೊರಳಲ್ಲಿ ಕೆಂಪು ಬಟ್ಟೆಯ ಪಟ್ಟಿ, ಆರರ ಕೊರಳಲ್ಲಿ ಬಿಳಿ. ಮಾತ್ರೆ ಕೆಂಪು ಪಟ್ಟಿಯವಕ್ಕೆ ಮಾತ್ರ ಎಂದು ಮೊದಲ ದಿನವೇ ಹೇಳಿದ್ದಳು. ಇನ್ನೊಮ್ಮೆ ಚುಚ್ಚಬೇಕಾದೀತೆಂದು ಮಾತ್ರೆಯನ್ನು ಇನ್ನೂ ನಿಲ್ಲಿಸಿರಲಿಲ್ಲ. ಗುರುಬಸಮ್ಮ ಆರು ಮಾತ್ರೆಗಳನ್ನು ಕಲಬತ್ತಿನಲ್ಲಿ ಹಾಕಿ ನುಣ್ಣಗೆ ಕುಟ್ಟಿದಳು. ಪರಾತದಲ್ಲಿ ತೌಡು, ಶೇಂಗಾ ಹಿಂಡಿ, ಬೆಲ್ಲದ ನೀರು ಕಲಸಿದಳು. ಪುಡಿಯನ್ನು ಅದರ ಮೇಲೆ ಉದುರಿಸಿ ಮತ್ತೆ ನಾದಿದಳು. ಉಂಡೆ ಕಟ್ಟಿದಳು.

ಜುಬೇದಾ ಎಣಿಸಿದಳು. ಉಂಡೆ ಹನ್ನೆರಡಿದ್ದವು.

ಗುರುಬಸಮ್ಮ ಸಾಲಿನ ಒಂದು ತುದಿಯಿಂದ ಶುರುಮಾಡಿ, ಯಾರನ್ನೂ ಬಿಡದೆ, ಒಂದೊಂದು ಬಾಯಿಗೆ ಒಂದೊಂದು ಉಂಡೆ ಇಡುತ್ತ ಕೊನೆಯವರೆಗೂ ಹೋದಳು. ದಾಸೋಹದಲ್ಲಿ ಬಡಿಸುವವರ ನಡಿಗೆ ಅದು.

"ಗುರುಬಸಕ್ಕ," ಎಂದಳು ಜುಬೇದಾ, ಆದಷ್ಟು ಮೆಲ್ಲಗೆ. "ಕೆಂಪು ಪಟ್ಟಿಯವಕ್ಕಷ್ಟ ಕೊಡ್ರಿ ಅಂದಿದ್ನೆಲ್ರಿ."

"ಅಂದಿದ್ದಿ ಯವ್ವಾ." ಗುರುಬಸಮ್ಮ ಕೈ ಝಾಡಿಸಿಕೊಂಡಳು. "ಮೊದಲನೇ ದಿನ ಹಂಗ ಕೊಟ್ಟೆ. ಉಳದ ಆರು ಬಾಯಿ ತಕ್ಕೊಂಡು ನನ್ನ ಮಾರಿ ನೋಡತಾವು. ಒಂದ ಸಾಲಿನ್ಯಾಗ ನಿಂದ್ರಿಸಿ ಇವಕ್ಕ ಬೆಲ್ಲದ ಉಂಡಿ, ಅವಕ್ಕ ಬರೇ ಗಾಳಿ ಅಂದ್ರ ಹೆಂಗ? ಪಂಕ್ತಿಭೇದ ಅಲ್ಲೇನು ಅದು? ಮಠದಾಗ ಹಂಗ ಬಡಿಸಿದ್ರ ಅಜ್ಜಾರು ಸೌಟು ಕಸಗೊಂಡು ಹೊರಗ ಹಾಕತಿದ್ರು."

"ಅದಕ್ಕ ಹಂಚಿದ್ರಿ."

"ಮತ್ತ? ಇದ್ದ ಆರನ್ನ ಹನ್ನೆರಡಕ್ಕ ಸಮ ಮಾಡಿದೆ. ಹೆಚ್ಚಿಗೀದು ನಿನ್ನ ಕೇಳಿಲ್ಲಲ್ಲ."

ಜುಬೇದಾ ಕಟ್ಟೆಯ ಮೇಲೆ ಕುಳಿತಲ್ಲೇ ನಗತೊಡಗಿದಳು. ತಡೆಯಲು ನೋಡಿದಳು, ಆಗಲಿಲ್ಲ. ಎರಡು ವಾರ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಒಮ್ಮೆಗೇ ಸಡಿಲಾಗಿತ್ತು. ಹನ್ನೆರಡೂ ಕುರಿಗಳು ಅರ್ಧರ್ಧ ಮಾತ್ರೆ ತಿಂದಿದ್ದವು. ಹನ್ನೆರಡರಲ್ಲೂ ತಡೆ ಬಿದ್ದಿತ್ತು. ಹನ್ನೆರಡರಲ್ಲೂ ನಾಲೊಕ್ಸೋನ್ ಅದನ್ನು ಕಿತ್ತಿತ್ತು. ಸಿದ್ಧಾಂತ ಹೇಳಿದ್ದು ಅಕ್ಷರಶಃ ಅದನ್ನೇ.

"ಹುಚ್ಚು ಹಿಡೀತೇನ ನಿಂಗ?" ಗುರುಬಸಮ್ಮ ಗಾಬರಿಯಾದಳು. "ನಾ ಏನರ ತಪ್ಪು ಮಾಡಿದೆನೇನು?"

"ನೀವಲ್ರಿ, ನಾನು. ಆರಕ್ಕ ಉಂಡಿ, ಆರಕ್ಕ ಏನೂ ಇಲ್ಲ ಅಂತ ಹೇಳಿದಾಕಿ ನಾನ."

ಅದು ಸಮಾಧಾನದ ಮಾತಾಗಿರಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಅವಳು ಯೋಚಿಸಿದ್ದು ಅದನ್ನೇ. ಒಂದು ಗುಂಪಿಗೆ ಬೆಲ್ಲ ಹಿಂಡಿಯ ಉಂಡೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ, ಮುಂದೆ ಕಾಣುವ ವ್ಯತ್ಯಾಸ ಔಷಧದ್ದೋ ಮೇವಿನದೋ ಎಂದು ಯಾರು ಬೇಕಾದರೂ ಕೇಳಬಹುದು. ಉಂಡೆ ಎಲ್ಲಕ್ಕೂ ಸಮ ಇರಬೇಕು, ಔಷಧ ಮಾತ್ರ ಬೇರೆಯಾಗಬೇಕು. ಅಷ್ಟೇ ಅಲ್ಲ, ಯಾವ ಕುರಿಗೆ ಯಾವುದು ಎಂಬುದು ಬಡಿಸುವವಳಿಗೂ ಗೊತ್ತಿರಬಾರದು, ರಕ್ತ ತೆಗೆಯುವವಳಿಗೂ ಗೊತ್ತಿರಬಾರದು.

ಮಾತ್ರೆ ನಿಲ್ಲಿಸಿ, ತಿಂದದ್ದೆಲ್ಲ ಮೈಯಿಂದ ಇಳಿದುಹೋಗಲೆಂದು ಕುರಿಗಳನ್ನು ಮೂರು ವಾರ ಬರೀ ಮೇವಿನ ಮೇಲೆ ಬಿಟ್ಟಳು. ಆ ಹೊತ್ತಿನಲ್ಲಿ ಹೊಸ ವ್ಯವಸ್ಥೆ ಮಾಡಿದಳು. ಉಜ್ಜಿನಪ್ಪನವರು ತಮಗೆ ಬೇಕಾದ ಆರು ಕುರಿಗಳನ್ನು ಆರಿಸಿದರು. ಪ್ರತಿ ಕುರಿಯ ನಂಬರು ಬರೆದ ಪುಡಿಪೊಟ್ಟಣ ಕಟ್ಟಿದರು. ಆರು ಕುರಿಗಳ ಪೊಟ್ಟಣದಲ್ಲಿ ಮಾತ್ರೆಯ ಪುಡಿ, ಆರರದರಲ್ಲಿ ಅದೇ ಬಣ್ಣದ ಹಿಟ್ಟಿನ ಪುಡಿ. ಕೊರಳಪಟ್ಟಿಗಳೂ ಹೊಸವು, ಎಲ್ಲವೂ ಒಂದೇ ನೀಲಿ ಬಟ್ಟೆಯವು, ಮೇಲೆ ನಂಬರು ಮಾತ್ರ. ಔಷಧದ ಕುರಿಯ ಪಟ್ಟಿಯ ಮಡಿಕೆಯೊಳಗೆ ಕೆಂಪು ಬಟ್ಟೆಯ ತುಂಡು, ಹಿಟ್ಟಿನ ಕುರಿಯದರಲ್ಲಿ ಬಿಳಿ ತುಂಡು. ಉಜ್ಜಿನಪ್ಪನವರು ಒಂದು ಭಾನುವಾರ ಬಂದು ಎದುರಿಗೆ ಕುಳಿತು ಹೊಲಿಸಿದರು. ಹೊಲಿದವರು ನಬೀಸಾಬ್. ಜುಬೇದಾಳನ್ನು ಅಂಗಡಿಯಿಂದ ಎಬ್ಬಿಸಿ ಒಳಗೆ ಕಳಿಸಿದ್ದರು.

ಊಟದ ಹೊತ್ತಿಗೆ ಅವಳು ಸುಮ್ಮನೆ ಕೆಣಕಿದಳು. "ಅಬ್ಬಾ, ಏಳನೇ ನಂಬರಿಂದು ಕೆಂಪೋ ಬಿಳಿನೋ?"

"ನಲವತ್ತು ವರ್ಷ ಆತು ಹೊಲ್ಯಾಕ ಹತ್ತಿ," ಎಂದರು ನಬೀಸಾಬ್, ತಟ್ಟೆಯಿಂದ ತಲೆ ಎತ್ತದೆ. "ಸಾಹೇಬ್ರ ಕೋಟಿನ ಒಳಗ ಯಾವ ಅಸ್ತರ ಹಾಕೀನಂತ ಅವರ ಹೆಂಡ್ತಿಗೂ ಹೇಳಿಲ್ಲ. ನಿಂಗ ಹೇಳತೀನೇನು?"

ಕಷ್ಟವಾದದ್ದು ಗುರುಬಸಮ್ಮನನ್ನು ಒಪ್ಪಿಸುವುದು. ಜುಬೇದಾ ಸುಳ್ಳು ಹೇಳಲು ಹೋಗಲಿಲ್ಲ. ಎಲ್ಲವಕ್ಕೂ ಒಂದೇ ಅಳತೆಯ ಉಂಡೆ, ಆಯಾ ನಂಬರಿನ ಕುರಿಯ ಉಂಡೆಗೆ ಆಯಾ ಪೊಟ್ಟಣದ ಪುಡಿ, ಆದರೆ ಕೆಲವು ಪೊಟ್ಟಣದಲ್ಲಿ ಬರೀ ಹಿಟ್ಟು ಎಂದು ಬಿಡಿಸಿ ಹೇಳಿದಳು.

"ಏನದು ಔಷಧ? ಏನ್ ಮಾಡತೈತಿ? ಅದನ್ನರ ಹೇಳು."

ಜುಬೇದಾ ಅವಳ ಪಕ್ಕದಲ್ಲಿ ಕುಳಿತಳು. "ನಿಮ್ಮ ತವರಾಗ ಕಾಲುವೆ ಐತೆಲ್ರಿ. ಹೊಲಕ್ಕ ನೀರು ಯಾರು ಬಿಡತಾರ?"

"ನೀರಗಂಟಿ. ತೂಬಿನ ಹಲಗಿ ಅವನ ಕೈಯಾಗ ಇರತೈತಿ."

"ತಲ್ಯಾಗೂ ಒಬ್ಬ ನೀರಗಂಟಿ ಅದಾನ್ರಿ. ಈ ಔಷಧ ಅವನಿಗೆ 'ಹಲಗಿ ಒತ್ತಿ ಹಿಡಿ' ಅಂತ ಹೇಳತೈತಿ, ಅಂವ ಹಿಡೀತಾನ. ನಾ ಚುಚ್ಚೂ ಸೂಜಿ ಅವನ ಕೈ ಬಿಡಸತೈತಿ. ಆಗ ನೀರು ನುಗ್ಗಬೇಕು."

"ಔಷಧ ತಿನ್ನದಿದ್ರ?"

"ಅಂವ ಎದ್ದು ಬಂದೇ ಇರಂಗಿಲ್ಲ. ತೂಬು ಮೊದಲ ಬಿಚ್ಚಿರತೈತಿ. ನನ್ನ ಸೂಜಿಗೆ ಬಿಡಸಾಕ ಕೈನ ಇಲ್ಲ."

ಗುರುಬಸಮ್ಮ ಕುರಿಗಳ ಕಡೆ ನೋಡಿದಳು. "ಯಾವುದರಾಗ ಹಿಟ್ಟೈತಿ ಅಂತ ನಂಗ ಗೊತ್ತಾಗಂಗಿಲ್ಲ?"

"ಇಲ್ಲ."

"ನಿಂಗೂ?"

"ನಂಗೂ ಇಲ್ಲ. ಮತ್ತ ಈ ಸರ್ತಿ ಹಿಟ್ಟು ತಿಂದವಕ್ಕ ಮುಂದಿನ ಸರ್ತಿ ಔಷಧ. ಸಮ ಆಗತೈತಿ."

"ಹಂಗಾರ ಆತು. ಗೊತ್ತಿದ್ದು ಮಾಡಿದ್ರ ಪಂಕ್ತಿಭೇದ." ಗುರುಬಸಮ್ಮ ಪರಾತ ಎಳೆದುಕೊಂಡಳು. "ಆದ್ರ ಮುಂದಿನ ಸರ್ತಿ ಅಂದದ್ದು ನೆನಪಿರಲಿ. ನಾ ಮರಿಯೂ ಪೈಕಿ ಅಲ್ಲ."

ಏಪ್ರಿಲ್ ನಡುವಿನ ಒಂದು ಬೆಳಿಗ್ಗೆ ಕುರುಗೋಡಿನ ದೊಡ್ಡಿಯಲ್ಲಿ ಪ್ರಯೋಗ ನಡೆಯಿತು. ಬಳ್ಳಾರಿಯಿಂದ ಐಸ್ ಗಡ್ಡೆಗಳನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿ ಸುತ್ತಿ ಜೀಪಿನಲ್ಲಿ ತಂದಿದ್ದರು. ಗುರುಬಸಮ್ಮ ಒಂದೊಂದು ಕುರಿಯ ತಲೆಯನ್ನೂ ಮಡಿಲಿಗೆ ಒತ್ತಿ ಹಿಡಿದಳು. ಜುಬೇದಾ ಚುಚ್ಚುವ ಮೊದಲೂ ಚುಚ್ಚಿದ ಮೇಲೂ ಸ್ವಲ್ಪ ಸ್ವಲ್ಪ ಹೊತ್ತಿಗೆ ರಕ್ತ ತೆಗೆದಳು. ಕೊನೆಯ ನಾಲೊಕ್ಸೋನ್ ಹನ್ನೆರಡನೆಯ ಕುರಿಯೊಳಗೆ ಹೋಯಿತು. ಹೊರಗಿನಿಂದ ಮತ್ತೆ ಬರುವವರೆಗೆ ಇನ್ನೊಂದು ಸಲ ಎಂಬುದಿರಲಿಲ್ಲ. ಉಜ್ಜಿನಪ್ಪನವರು ಕೊರಳಪಟ್ಟಿಗಳನ್ನು ಬಿಚ್ಚಿ, ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಸಿರುಗುಪ್ಪಕ್ಕೆ ಒಯ್ದರು. ಮಾದರಿಗಳ ಐಸ್ ಪೆಟ್ಟಿಗೆಯನ್ನು ಜುಬೇದಾ ಬೇರೆ ಯಾರ ಕೈಗೂ ಕೊಡದೆ ತಾನೇ ರೈಲಿನಲ್ಲಿ ಬೆಂಗಳೂರಿಗೆ ಒಯ್ದಳು. ಗುಂತಕಲ್ಲಿನಲ್ಲಿ ಇಳಿದು ಐಸ್ ಬದಲಿಸಿದಳು.

ಅಂಕಿಗಳು ಸಮಿತಿಯ ಹಿಂದಿನ ದಿನ ಬಂದವು. ಈ ಸಲ ವಿರೂಪಾಕ್ಷಪ್ಪನವರೂ ಎದ್ದು ನಿಂತು, ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಕುರಿಗಳು ಎರಡು ಪಾಲಾಗಿದ್ದವು. ಆರರಲ್ಲಿ ಎಲ್‌ಎಚ್ ಕಡಿಮೆಯಿಂದ ಶುರುವಾಗಿ, ಚುಚ್ಚಿದ ಮೇಲೆ ಜಿಗಿದಿತ್ತು. ಆರರಲ್ಲಿ ಮೊದಲೇ ಹೆಚ್ಚಿತ್ತು, ಚುಚ್ಚಿದರೂ ಕದಲಿರಲಿಲ್ಲ.

"ಪಾಲೇನೋ ಆಗ್ಯಾವ," ಎಂದರು ವಿರೂಪಾಕ್ಷಪ್ಪ. "ಯಾವ ಆರು ಅನ್ನೂದು ಪ್ರಶ್ನೆ."

"ಚೀಲ ಸಿರುಗುಪ್ಪದಾಗ ಐತಿ ಸರ್. ನಾಳೆ ನಿಮ್ಮೆಲ್ಲರ ಮುಂದ ಬಿಚ್ಚೋಣ."

"ಇವತ್ತ ಗೊತ್ತಾಗಿಬಿಟ್ರ ನಾನರ ಸುಖದಾಗ ನಿದ್ದಿ ಮಾಡತಿದ್ದೆ."

"ನಾನೂ ಸರ್."

ಸಮಿತಿ ಮಧ್ಯಾಹ್ನ ಕೂಡಿತು. ವಿರೂಪಾಕ್ಷಪ್ಪ, ಇನ್ನೊಂದು ವಿಭಾಗದ ಮುಖ್ಯಸ್ಥರು, ಬೆಂಗಳೂರಿನಿಂದ ಬಂದಿದ್ದ ಹೊರಗಿನ ಪರೀಕ್ಷಕರು. ಮೂವರ ಮುಂದೆಯೂ ಮಜ್ಜಿಗೆಯ ಲೋಟ ಇತ್ತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಉಜ್ಜಿನಪ್ಪನವರು ಚೀಲ ತಂದಿದ್ದರು. ಕುರುಗೋಡಿನ ಮೇಲಿಂದಲೇ ಬಂದಿದ್ದರಿಂದ ಗುರುಬಸಮ್ಮನೂ ಅವರ ಜೊತೆ ಬಂದಿದ್ದಳು. ಅವಳು ಬಾಗಿಲ ಪಕ್ಕದ ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಳು.

ಜುಬೇದಾ ಫೆಬ್ರುವರಿಯಲ್ಲಿ ನಡೆದದ್ದನ್ನು ಮೊದಲು ಹೇಳಿದಳು. ಹನ್ನೆರಡರಲ್ಲೂ ಏರಿದ್ದು, ಯಾಕೆ ಏರಿತು ಎಂಬುದು, ಉಂಡೆ ಹಂಚಿದ್ದು, ಒಂದನ್ನೂ ಬಿಡಲಿಲ್ಲ. ಆಮೇಲೆ ಕಪ್ಪು ಹಲಗೆಯ ಮೇಲೆ ಒಂದರಿಂದ ಹನ್ನೆರಡರವರೆಗೆ ನಂಬರು ಬರೆದು, ಪ್ರತಿಯೊಂದರ ಮುಂದೆ 'ಏರಿತು' ಅಥವಾ 'ಏರಲಿಲ್ಲ' ಎಂದು ಬರೆದಳು. ಬರೆದು ಸೀಮೆಸುಣ್ಣ ಕೆಳಗಿಟ್ಟಳು.

"ನನ್ನ ಲೆಕ್ಕ ಸರಿಯಿದ್ರ, ಏರಿದವುಗಳ ಪಟ್ಟಿಯೊಳಗ ಕೆಂಪು ಬಟ್ಟಿ ಇರಬೇಕು. ಒಂದು ತಪ್ಪಿದ್ರೂ ತಪ್ಪಂತ ಬರಕೊಳ್ರಿ."

ನಬೀಸಾಬರ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಹೊರಗಿನ ಪರೀಕ್ಷಕರು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಮೂವತ್ತು ವರ್ಷದಲ್ಲಿ ಎಷ್ಟೋ ಥೀಸಿಸ್ ಪರೀಕ್ಷೆ ಮಾಡಿದ್ದೀನಿ. ಹೊಲಿಗೆ ಬಿಚ್ಚು ಅಂತ ಯಾರೂ ಹೇಳಿರಲಿಲ್ಲ."

ಒಂದನೆಯ ಪಟ್ಟಿ. ಹೊಲಿಗೆ ಗಟ್ಟಿಯಾಗಿತ್ತು, ಬಿಚ್ಚಲು ಸಮಯ ಹಿಡಿಯಿತು. ಒಳಗೆ ಬಿಳಿ ತುಂಡು. ಹಲಗೆಯ ಮೇಲೆ 'ಏರಲಿಲ್ಲ'.

ಎರಡು. ಕೆಂಪು. 'ಏರಿತು'.

ಮೂರು, ಕೆಂಪು. ನಾಲ್ಕು, 'ಏರಲಿಲ್ಲ', ಬಿಳಿ. ಐದನೆಯದನ್ನು ವಿರೂಪಾಕ್ಷಪ್ಪ ಪರೀಕ್ಷಕರ ಕೈಯಿಂದ ಕಸಿದುಕೊಂಡು ತಾವೇ ಬಿಚ್ಚಿದರು. "ನಿಮ್ಮ ಕೈ ಭಾಳ ಸಾವಕಾಶ ಐತ್ರಿ," ಎಂದರು. ಬಿಳಿ. ಸರಿ. ಆರು, ಕೆಂಪು. ಸರಿ. ಏಳು, ಕೆಂಪು. ಎಂಟು, ಬಿಳಿ. ಜುಬೇದಾ ಹಲಗೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಅದರ ಮೇಲಿದ್ದದ್ದು ಅವಳಿಗೆ ಬಾಯಿಪಾಠ ಬಂದಿತ್ತು. ಕತ್ತರಿಯ ಬಾಯನ್ನೇ ನೋಡುತ್ತಿದ್ದಳು.

ಒಂಬತ್ತು. ಹತ್ತು. ಹನ್ನೊಂದನೆಯದರಲ್ಲಿ ಹೊಲಿಗೆ ಬಿಚ್ಚಿದರೂ ಒಳಗೆ ಏನೂ ಕಾಣಲಿಲ್ಲ. ಉಜ್ಜಿನಪ್ಪ ಕುರ್ಚಿಯಿಂದ ಅರ್ಧ ಎದ್ದರು. ವಿರೂಪಾಕ್ಷಪ್ಪ ಮಡಿಕೆಯೊಳಗೆ ಬೆರಳು ತೂರಿಸಿ, ಬೆವರಿಗೆ ಅಂಟಿಕೊಂಡಿದ್ದ ತುಂಡನ್ನು ಎಳೆದರು. ಕುರಿಯ ಜಿಡ್ಡಿಗೆ ಕಂದಿದ್ದರೂ ಕೆಂಪು ಕೆಂಪೇ. ಹಲಗೆಯ ಮೇಲೆ 'ಏರಿತು'.

ಹನ್ನೆರಡನೆಯದನ್ನು ಬಿಚ್ಚುವ ಅಗತ್ಯವಿರಲಿಲ್ಲ. ಕೆಂಪು ಆರಾಗಿದ್ದವು, ಉಳಿದದ್ದು ಬಿಳಿಯೇ. ಆದರೂ ಬಿಚ್ಚಿದರು. ಬಿಳಿ.

"ಹನ್ನೆರಡಕ್ಕೆ ಹನ್ನೆರಡು," ಎಂದರು ಪರೀಕ್ಷಕರು. ಕತ್ತರಿ ಕೆಳಗಿಟ್ಟರು. "ಅದಕ್ಕಿಂತ ದೊಡ್ಡದು ಇನ್ನೊಂದಿದೆ, ನೀವು ಹೇಳಲಿಲ್ಲ. ಈ ಬಿಳಿ ಆರು ಫೆಬ್ರುವರಿಯಲ್ಲಿ ಏರಿದ್ದವು. ಅವೇ ಕುರಿ, ಅದೇ ಸೂಜಿ. ಸ್ಟಿರಾಯ್ಡ್ ಇದ್ದಾಗ ಏರಿತು, ತೆಗೆದಾಗ ಏರಲಿಲ್ಲ. ಆ ಮೊದಲ ಪ್ರಯೋಗ ಕೆಟ್ಟಿರದಿದ್ದರೆ ಇಷ್ಟು ಗಟ್ಟಿ ಸಾಕ್ಷಿ ನಿಮಗೆ ಸಿಗುತ್ತಿರಲಿಲ್ಲ."

"ಅದನ್ನ ಥೀಸಿಸಿನ್ಯಾಗ ಬರಿಯೋಣಂತ ಇಟ್ಕೊಂಡಿದ್ದೆ ಸರ್," ಎಂದಳು ಜುಬೇದಾ. "ಇವತ್ತು ಒಂದ ಸಾಕು ಅನಿಸಿತ್ತು."

ವಿರೂಪಾಕ್ಷಪ್ಪ ಮೊದಲು ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಸಮಿತಿಯಲ್ಲಿ ಚಪ್ಪಾಳೆ ಹೊಡೆಯುವ ರೂಢಿ ಇರಲಿಲ್ಲ, ಉಳಿದಿಬ್ಬರೂ ಹೊಡೆದರು. ಉಜ್ಜಿನಪ್ಪ ಮಜ್ಜಿಗೆಯ ಲೋಟ ಎತ್ತಿ ಹಿಡಿದು, "ಇಪ್ಪತ್ತನಾಲ್ಕು ಅಂಡಾಶಯ, ಒಂದೂ ಕಮ್ಮಿ ಇಲ್ಲ, ಅದನ್ನೂ ಬರಕೊಳ್ರಿ" ಎಂದರು.

ಜುಬೇದಾ ಬಾಗಿಲಿಗೆ ಬಂದು ಗುರುಬಸಮ್ಮನ ಎರಡೂ ಕೈ ಹಿಡಿದಳು. "ಗೆದ್ವಿ ಗುರುಬಸಕ್ಕ. ನೀರಗಂಟಿ ಅದಾನ. ಸಿಕ್ಕ."

"ಸಿಗದ ಎಲ್ಲಿ ಹೊಕ್ಕಾನ." ಗುರುಬಸಮ್ಮನ ಮುಖ ಅರಳಿತ್ತು. ಆದರೆ ಅವಳ ಕಣ್ಣು ಮೇಜಿನ ಮೇಲಿನ ಬಿಳಿ ತುಂಡುಗಳ ಮೇಲಿತ್ತು. "ಅವು ಆರು ಹಿಟ್ಟು ತಿಂದಾವಲ್ಲ. ಅವಕ್ಕ ಯಾವಾಗ?"

ಪರೀಕ್ಷಕರು ಅದೇನೆಂದು ಕೇಳಿದರು. ಜುಬೇದಾ ವಿವರಿಸಿದಳು. ಅವರು ಗುರುಬಸಮ್ಮನ ಕಡೆ ತಿರುಗಿ, ತಮ್ಮ ಬೆಂಗಳೂರಿನ ವಿಭಾಗದಲ್ಲಿ ಇನ್ನೊಂದು ಸುತ್ತಿಗೆ ಆಗುವಷ್ಟು ನಾಲೊಕ್ಸೋನ್ ಇದೆ, ಕಳಿಸುತ್ತೇನೆ ಎಂದರು.

ಮುಂದಿನ ಸೋಮವಾರ ಬೆಳಿಗ್ಗೆ ಕುರುಗೋಡಿನ ದೊಡ್ಡಿಯಲ್ಲಿ ಪುಡಿಪೊಟ್ಟಣಗಳು ಅದಲುಬದಲಾದವು. ಗುರುಬಸಮ್ಮ ಹನ್ನೆರಡು ಉಂಡೆ ಕಟ್ಟಿ, ಸಾಲಿನ ತುದಿಯಿಂದ ಬಡಿಸಲು ಶುರುಮಾಡಿದಳು.